ಬಿಯರ್ಡೆಡ್ ಡ್ರ್ಯಾಗನ್‌ಗೆ ಬೇಕಾದ ಹುಳುಗಳನ್ನು ಮನೆಯಲ್ಲೇ ಬೆಳೆಸಬಹುದಾ?

ಐದು ತಿಂಗಳ ಡ್ರ್ಯಾಗನ್‌ಗೆ (ಓತಿಕ್ಯಾತದಂಥ ಸಾಕುಪ್ರಾಣಿ) ಹುಳು ಕೊಂಡು ಕೊಂಡು ಸಾಕಾಗಿದೆ, ಅಪಾರ್ಟ್‌ಮೆಂಟಿನಲ್ಲಿ ಬೆಳೆಸಿದರೆ ವಾಸನೆ ಬರುತ್ತಾ ಅಂತ ಕೇಳಿದ್ದೀರಿ. ಬರೋದಿಲ್ಲ. ಬೆಂಗಳೂರಿನ ಸಣ್ಣ ಮನೆಯಲ್ಲಿ ನಾಲ್ಕು ವರ್ಷದಿಂದ ಬೆಳೆಸುತ್ತಿದ್ದೇನೆ. ವಾಸನೆ ಬಂತು ಅಂದ್ರೆ ಡಬ್ಬಿಯೊಳಗೆ ಏನೋ ಒದ್ದೆಯಾಗಿದೆ ಅಂತಲೇ ಲೆಕ್ಕ.

ಮೀಲ್‌ವರ್ಮ್‌ನಿಂದ, ಅಂದ್ರೆ ಬೂಸಾ ತಿಂದು ಬೆಳೆಯೋ ಒಂದು ದುಂಬಿಯ ಮರಿಹುಳುವಿನಿಂದ ಶುರು ಮಾಡಿ. ದನದ ಮೇವಿನ ಅಂಗಡಿಯಿಂದ ಗೋಧಿ ಬೂಸಾ ತಂದು 3–4 ದಿನ ಫ್ರೀಜರ್‌ನಲ್ಲಿಡಿ. ಅಗಲವಾದ ಡಬ್ಬಿಯಲ್ಲಿ ಎರಡು ಇಂಚು ಬೂಸಾ, ಮೇಲೊಂದು ತುಂಡು ಕ್ಯಾರೆಟ್, ಅಷ್ಟೇ. ಹುಳು ಕೋಶವಾಗಿ, ಕಪ್ಪು ದುಂಬಿಯಾಗಿ, ಮೊಟ್ಟೆಯಿಟ್ಟು, ಮರಿಗಳು ದೊಡ್ಡದಾಗೋಕೆ 3–4 ತಿಂಗಳಾದರೂ ಬೇಕು. ಹಾಗಾಗಿ ಮೊದಲು ತಂದ ಹುಳುಗಳನ್ನೆಲ್ಲ ತಿನ್ನಿಸಿ ಮುಗಿಸಬೇಡಿ. ದುಂಬಿಗಳಿಗೆ ಬೇರೆ ಡಬ್ಬಿ ಮಾಡಿ, ಇಲ್ಲಾಂದ್ರೆ ಕೋಶಗಳನ್ನು ಕಚ್ಚಿ ತಿಂದುಬಿಡುತ್ತವೆ. ಗೋಧಿಗೆ ಹುಳು ಬಿತ್ತು ಅಂತ ಬಿಸಿಲಿಗೆ ಹಾಕುತ್ತಿದ್ದ ನಮ್ಮಮ್ಮ ಇದನ್ನು ನೋಡಿ ಎರಡು ದಿನ ಮಾತಾಡಲಿಲ್ಲ.

ನಾನು ಕೆಟ್ಟದ್ದು ಮೊದಲ ಮಳೆಗಾಲದಲ್ಲಿ. ಪಾಪ, ಬಾಯಾರುತ್ತೆ ಅಂತ ನಾಲ್ಕು ಕ್ಯಾರೆಟ್ ಹಾಕಿ ಊರಿಗೆ ಹೋದೆ. ಬಂದು ನೋಡಿದರೆ ಡಬ್ಬಿಯ ಒಳಗೋಡೆಗೆಲ್ಲ ಕಂದು ಪುಡಿ ಮೆತ್ತಿಕೊಂಡಿತ್ತು. ಬೆರಳಿಟ್ಟೆ. ಪುಡಿ ಮೆಲ್ಲಗೆ ಬೆರಳು ಹತ್ತಿತು. ನುಸಿ! ಪೂರ್ತಿ ಡಬ್ಬಿ ಎಸೆದೆ. ಈಗ ಮಳೆಗಾಲದಲ್ಲಿ ಸಂಜೆ ಹಾಕಿದ ತುಂಡನ್ನು ಬೆಳಿಗ್ಗೆ ತೆಗೆದುಬಿಡುತ್ತೇನೆ.

ಆದರೆ ನಿಮ್ಮ ಮರಿಗೆ ಮೀಲ್‌ವರ್ಮೇ ದಿನದ ಊಟ ಆಗಬಾರದು. ಕೊಬ್ಬು ಜಾಸ್ತಿ, ಸಿಪ್ಪೆ ಗಟ್ಟಿ. ನಮ್ಮಲ್ಲಿ ರೇಷ್ಮೆ ಹುಳು ಇದೆಯಲ್ಲ! ಮೆತ್ತಗಿರುತ್ತೆ, ಕೊಬ್ಬೂ ಕಡಿಮೆ. ರಾಮನಗರ, ಶಿಡ್ಲಘಟ್ಟದ ಕಡೆ ಪರಿಚಯದ ರೈತರಿದ್ದರೆ ಒಂದು ಹಿಡಿ ಚಾಕಿ ಹುಳು (ಎಳೆಯ ರೇಷ್ಮೆ ಹುಳು) ಕೇಳಿ ನೋಡಿ. ಹಿಪ್ಪುನೇರಳೆ ಸೊಪ್ಪು ಒಣಗಿದ್ದು ಕೊಡಬೇಡಿ, ಒದ್ದೆಯದ್ದೂ ಬೇಡ. ಹುಳು ತಲೆಯೆತ್ತಿ ಕದಲದೆ ನಿಂತರೆ ಗಾಬರಿಯಾಗಬೇಡಿ. ಪೊರೆ ಬಿಡುತ್ತಿದೆ. ರೈತರು ಅದಕ್ಕೆ ಜ್ವರ ಅಂತಾರೆ, ಒಟ್ಟು ನಾಲ್ಕು ಜ್ವರ. ಆಗ ಸೊಪ್ಪು ಹಾಕಬೇಡಿ, ಮುಟ್ಟಲೂಬೇಡಿ. ಔಷಧಿ ಹೊಡೆದ ಸೊಪ್ಪು, ಸೊಳ್ಳೆ ಬತ್ತಿ, ಎರಡೂ ಅದಕ್ಕೆ ವಿಷ. ಮೊಟ್ಟೆಯೊಡೆದ ಸುಮಾರು 25 ದಿನಕ್ಕೆ ಗೂಡು ಕಟ್ಟೋಕೆ ಶುರು ಮಾಡುತ್ತೆ, ಅಷ್ಟರೊಳಗೆ ತಿನ್ನಿಸಬೇಕು.

ಯಾವ ಹುಳುವಾದರೂ ಡ್ರ್ಯಾಗನ್‌ನ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದಪ್ಪ ಇರಬಾರದು. ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿಯೇ ಕೊಡಿ, ಇದರಲ್ಲಿ ಸೋಮಾರಿತನ ಬೇಡ. ಕ್ಯಾಲ್ಸಿಯಂ ಸಾಲದೆ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾದ ಮರಿಯನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇನ್ನೊಂದು, ಹತ್ತು ಡಬ್ಬಿ ಇಡೋಕೆ ಹೋಗಬೇಡಿ. ದೊಡ್ಡದಾದ ಮೇಲೆ ಡ್ರ್ಯಾಗನ್ ತಿನ್ನೋದು ಹೆಚ್ಚಾಗಿ ಸೊಪ್ಪು ತರಕಾರಿಯೇ. ನಮ್ಮನೆಯಲ್ಲಿ ಈಗ ಎರಡೇ ಡಬ್ಬಿ, ಅದರಲ್ಲೂ ಮಿಕ್ಕಿದ ಹುಳು ಅಕ್ಕನ ಮನೆ ಕೋಳಿಗಳಿಗೆ ಹೋಗುತ್ತೆ.