ತಾತ, ಮೊಮ್ಮಗ, ರೈಲು: ಎಲ್ಲಿಗೆ ಹೋಗಬಹುದು?
ರೈಲ್ವೆಯಲ್ಲಿ ದುಡಿದು ನಿವೃತ್ತರಾದ ನಿಮ್ಮ ತಂದೆ, ರೈಲು ಅಂದ್ರೆ ಪ್ರಾಣ ಬಿಡೋ ಮೊಮ್ಮಗನನ್ನ ಎಲ್ಲಿಗೆ ಕರ್ಕೊಂಡು ಹೋಗ್ಬಹುದು ಅಂತ ಕೇಳಿದ್ದೀರಿ. ಮೊದಲು ಮೈಸೂರಿನ ರೈಲ್ವೆ ಮ್ಯೂಸಿಯಂ ಸರ್, 1979ರಲ್ಲಿ ಶುರುವಾದದ್ದು. ಮಹಾರಾಣಿಯವರ ಸಲೂನ್, ಅಂದ್ರೆ ಅವರ ಓಡಾಟಕ್ಕಿದ್ದ ಐಷಾರಾಮಿ ಬೋಗಿ ಇದೆ, ಹಳೇ ಉಗಿ ಎಂಜಿನ್‌ಗಳಿವೆ. ಅವಸರ ಮಾಡ್ಬೇಡಿ. ಪಿಸ್ಟನ್ ಹಿಂದೆ ಮುಂದೆ ಆಡಿದ್ರೆ ಆ ದಪ್ಪ ಕಬ್ಬಿಣದ ಸರಳು ಚಕ್ರವನ್ನ ಹೇಗೆ ತಿರುಗಿಸುತ್ತೆ ಅಂತ ತಾತನೇ ಬೆರಳಿಟ್ಟು ತೋರಿಸಲಿ. ಯಾವ ವಿಡಿಯೊದಲ್ಲೂ ಆ ಪಾಠ ಸಿಗಲ್ಲ. ಆಮೇಲೆ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿ, ಹಗಲಿನ ರೈಲಲ್ಲೇ. 57 ಸುರಂಗ, 50 ಮೀಟರಿಗೆ ಒಂದು ಮೀಟರ್ ಏರು. ವಾಪಸ್ ಬರುವಾಗ ಘಾಟಿ ಹತ್ತೋದು, ರೈಲು ಎಷ್ಟು ನಿಧಾನ ಆಗುತ್ತೆ ಅಂತ ಹುಡುಗ ಗಮನಿಸಲಿ. ಜೋರು ಮಳೆಯಲ್ಲಿ ಗುಡ್ಡ ಕುಸಿದು ರೈಲು ನಿಲ್ಲೋದುಂಟು, ಮಳೆಗಾಲ ಕಳೆದ ಮೇಲೆ ಬುಕ್ ಮಾಡಿ.