ಹನ್ನೆರಡೇ ಅಕ್ಷರ, ಸಾಕಾಗುತ್ತಾ?

ಪ್ರಶ್ನೆ: ಮಗಳು ಒಂದನೇ ಕ್ಲಾಸು. ಅಕ್ಷರ ತಿದ್ದೋಕೆ ಕೂರಿಸಿದರೆ ಙ, ಞ ಬಂದಾಗಲೆಲ್ಲ ಅಳು. ಹನ್ನೆರಡೇ ಅಕ್ಷರದ ಭಾಷೆ ಒಂದಿದೆ, ನೀನು ಅಲ್ಲಿ ಹುಟ್ಟಬೇಕಿತ್ತು ಅಂತ ಅವಳ ಚಿಕ್ಕಪ್ಪ ರೇಗಿಸುತ್ತಾನೆ. ನಿಜವಾಗ್ಲೂ ಇದೆಯಾ? ಅಷ್ಟರಲ್ಲೇ ಎಲ್ಲಾ ಮಾತಾಡೋಕಾಗುತ್ತಾ?
– ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ

ಉತ್ತರ: ಇದೆ ತಾಯಿ, ಚಿಕ್ಕಪ್ಪ ಬುರುಡೆ ಬಿಟ್ಟಿಲ್ಲ. ಅದರ ಹೆಸರು ರೊಟೊಕಾಸ್. ಪಪುವಾ ನ್ಯೂಗಿನಿಯ ಬೂಗನ್‌ವಿಲ್ ದ್ವೀಪದಲ್ಲಿ ಸುಮಾರು 4,000 ಜನ ಆಡುವ ಮಾತು. ಬರೆಯೋದು ರೋಮನ್ ಲಿಪಿಯಲ್ಲಿ: ಎ, ಇ, ಜಿ, ಐ, ಕೆ, ಒ, ಪಿ, ಆರ್, ಎಸ್, ಟಿ, ಯು, ವಿ. ಮುಗೀತು.

ಧ್ವನಿಗಳ ಲೆಕ್ಕಕ್ಕೆ ಬಂದರೆ ಇನ್ನೂ ಒಂದು ಕಮ್ಮಿ. ಭಾಷಾ ಸಂಶೋಧಕರಾದ ಅರ್ವಿನ್ ಮತ್ತು ಜ್ಯಾಕ್ಲಿನ್ ಫರ್ಚೋ 1969ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಸ್ವರ ಐದು, ವ್ಯಂಜನ ಆರು. ಅಲ್ಲಿ ತ, ಸ ಎರಡೂ ಒಂದೇ ಧ್ವನಿ. ಮುಂದೆ 'ಐ' ಅಕ್ಷರ, ಅಂದರೆ ನಮ್ಮ ಇಕಾರ ಬಂದರೆ ಎಸ್ ಬರೆಯುತ್ತಾರೆ, ಉಳಿದ ಕಡೆ ಟಿ. ಭಾಷೆಯ ಹೆಸರಿನ ಕೊನೆಯ ಎಸ್ ಮಾತ್ರ ಈ ನಿಯಮಕ್ಕೆ ಸಿಗಲ್ಲ! ದೀರ್ಘ ಬೇಕಾದರೆ ಸ್ವರವನ್ನು ಎರಡು ಸಲ ಬರೆದರಾಯ್ತು.

ಹಾಗಂತ ಅವರ ಬಾಯಲ್ಲಿ ಹನ್ನೊಂದೇ ಸದ್ದು ಹೊರಡುತ್ತೆ ಅಂದ್ಕೋಬೇಡಿ. 'ವಿ' ಅನ್ನೋದು ವ ಆಗಬಹುದು, ಬ ಆಗಬಹುದು, ಮ ಕೂಡ ಆಗಬಹುದು. 'ಆರ್' ಹಾಗೇ ರ, ಲ, ದ, ನ. ಯಾವುದು ಅಂದರೂ ಅರ್ಥ ಬದಲಾಗಲ್ಲ, ಹಾಗಾಗಿ ಬೇರೆ ಅಕ್ಷರ ಬೇಕಾಗಿಲ್ಲ. ಅವರ ಅಕ್ಷರದಲ್ಲಿ ನಮ್ಮೂರನ್ನು ಬರೆಯೋಕೆ ಹೋದೆ, 'ರಾವರಗೆರೆ' ಆಯ್ತು. ಬೆಣ್ಣೆ ದೋಸೆ 'ವೆರೆ ರೋತೆ' ಆಗಿ ಕೂತಿತು, ಅದನ್ನು ಯಾವ ಹೋಟೆಲಿನವರೂ ಕೊಡಲಿಕ್ಕಿಲ್ಲ.

ಮ, ನ ಅವರಿಗೆ ಬೇರೆ ಧ್ವನಿಗಳೇ ಅಲ್ಲ ಅನ್ನೋದು ನನಗೆ ತುಂಬಾ ಹಿಡಿಸಿದ ವಿಷಯ. ಮೂಗಿನ ಸದ್ದು ಅಲ್ಲಿ ಕೇಳೋದೇ ಅಪರೂಪ. ಹೊರಗಿನವರು ರೊಟೊಕಾಸ್ ಭಾಷೆಯನ್ನು ಒದ್ದಾಡಿಕೊಂಡು ಆಡೋದನ್ನು ಅಣಕಿಸುವಾಗ ಮಾತ್ರ ಅವರು ಬೇಕಂತಲೇ ಮೂಗಿನಲ್ಲಿ ಮಾತಾಡುತ್ತಾರೆ ಅಂತ ಫರ್ಚೋ ದಾಖಲಿಸಿದ್ದಾರೆ. ಇದು ನಡುಭಾಗದ ರೊಟೊಕಾಸ್ ಕಥೆ. ಅದೇ ಭಾಷೆಯ ಐಟಾ ಎಂಬ ಒಳನುಡಿಯಲ್ಲಿ ಮೂಗಿನ ಧ್ವನಿಗಳು ಬೇರೆಯಾಗೇ ಇವೆ.

ಅದು ಬಿಡಿ, ನಮ್ಮ ಸೊನ್ನೆಯನ್ನೇ ನೋಡಿ. ಕಂಬ ಅನ್ನಿ, ತುಟಿ ಮುಚ್ಚಿತು, ಅದು ಮ. ಮಂಡಕ್ಕಿ ಅನ್ನಿ, ನಾಲಿಗೆ ಮೇಲಕ್ಕೆ ಮಡಚಿತು, ಅದು ಣ. ಅಂಗಡಿ ಅನ್ನಿ, ಸದ್ದು ಗಂಟಲ ಹತ್ತಿರ ಹೋಯ್ತು, ನಿಮ್ಮ ಮಗಳು ಅಳೋದು ಅದೇ ಙಕ್ಕೆ! ಬರೆಯೋದು ಮಾತ್ರ ಮೂರಕ್ಕೂ ಒಂದೇ ಸೊನ್ನೆ. ನಾಳೆ ಸ್ಲೇಟು ಕೊಡುವ ಮುಂಚೆ ಅವಳ ಕೈಯಲ್ಲಿ ಅಂಗಡಿ, ಮಂಗ, ತೆಂಗು ಅಂತ ನಿಧಾನಕ್ಕೆ ಹೇಳಿಸಿ. 'ಗ' ಬರುವ ಮುಂಚೆ ಒಂದು ಕ್ಷಣ ನಿಲ್ಲಿಸಿ, ಈಗ ಬಾಯಲ್ಲಿರೋದೇ ಙ ಅಂತ ತೋರಿಸಿ. ಞಕ್ಕೆ ಮಂಚ, ಇಂಚು ಸಾಕು.