ಸ್ಕೂಟರ್ ಬಿಟ್ಟು ನೇರ ಸ್ಪೋರ್ಟ್ಸ್ ಬೈಕಿಗೆ?

ಪ್ರಶ್ನೆ: ನನಗೆ 19 ವರ್ಷ. ಮಂಡ್ಯದಿಂದ ಮೈಸೂರಿನ ಕಾಲೇಜಿಗೆ ದಿನಾ ಓಡಾಡಬೇಕು. ಇದುವರೆಗೆ ಓಡಿಸಿದ್ದು ಮನೆಯ ಸ್ಕೂಟರ್ ಮಾತ್ರ. ಗೇರ್ ಗಾಡಿಯ ಲೈಸೆನ್ಸ್ ಈಗಷ್ಟೇ ಸಿಕ್ಕಿದೆ. ಕೆಟಿಎಂ ಆರ್‌ಸಿ 390 ಸೆಕೆಂಡ್ ಹ್ಯಾಂಡ್ ಬಂದಿದೆ. ನಿಧಾನವಾಗಿ ಓಡಿಸಿದರೆ ಏನು ತೊಂದರೆ? ಅಪ್ಪ ಬೇಡ ಅನ್ನುತ್ತಾರೆ.
— ಓದುಗ, ಮಂಡ್ಯ

ಉತ್ತರ: ಸದ್ಯಕ್ಕೆ ಬೇಡ. ನಿಧಾನವಾಗಿ ಓಡಿಸುವ ನಿಮ್ಮ ಮನಸ್ಸಿನ ಬಗ್ಗೆ ಅನುಮಾನವಿಲ್ಲ. ಆದರೆ ಹೊಸಬರು ಬೀಳುವುದು ಬೇಕೆಂದೇ ವೇಗ ಏರಿಸಿದಾಗ ಮಾತ್ರವಲ್ಲ, ಗಾಬರಿಯಲ್ಲಿ ಕೈ ಹಳೇ ಅಭ್ಯಾಸಕ್ಕೆ ಹೋದಾಗ. ಸ್ಕೂಟರಿನಲ್ಲಿ ಎಡಗೈ ಲಿವರ್ ಅಂದರೆ ಹಿಂದಿನ ಬ್ರೇಕ್. ಬೈಕಿನಲ್ಲಿ ಅದು ಕ್ಲಚ್. ಎದುರಿಗೆ ನಾಯಿ ನುಗ್ಗಿದರೆ ನೀವು ಎರಡೂ ಲಿವರ್ ಒಟ್ಟಿಗೆ ಹಿಡಿಯುತ್ತೀರಿ. ಕ್ಲಚ್ ಹಿಡಿದಿದ್ದರಿಂದ ಎಂಜಿನ್ ಹಿಡಿತ ಹೋಯಿತು, ಹಿಂದಿನ ಬ್ರೇಕ್ ಬೀಳಲೇ ಇಲ್ಲ, ಮುಂದಿನದು ಮಾತ್ರ ಜೋರಾಗಿ ಕಚ್ಚಿತು. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ನೇರ ಹಾದಿಯಲ್ಲಿ ಕಾಪಾಡೀತು, ಗಾಡಿ ವಾಲಿರುವಾಗ ಅದನ್ನೇ ನೆಚ್ಚಿ ಕೂರುವಂತಿಲ್ಲ.

ಇನ್ನು ಥ್ರಾಟಲ್, ಅಂದರೆ ಬಲಗೈಯ ಆಕ್ಸಿಲರೇಟರ್. ಆರ್‌ಸಿ 390ರ 373 ಸಿಸಿ ಎಂಜಿನ್ ಸುಮಾರು 43 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿ ಕೊಡುತ್ತದೆ, ಗಾಡಿಯ ತೂಕ 170 ಕೆ.ಜಿ. ಆಸುಪಾಸು. ತೂಕಕ್ಕೆ ಹೋಲಿಸಿದರೆ 150 ಸಿಸಿ ವರ್ಗದ ಸ್ಪೋರ್ಟ್ಸ್ ಬೈಕ್ ಯಮಹಾ ಆರ್15ಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಶಕ್ತಿ. ಹ್ಯಾಂಡಲ್ ತಗ್ಗಿನಲ್ಲಿರುವುದರಿಂದ ಮೈಭಾರ ಮಣಿಕಟ್ಟಿನ ಮೇಲೆ ಬೀಳುತ್ತದೆ. ಹಂಪ್ ಹಾರಿದಾಗ ಮಣಿಕಟ್ಟು ಕೆಳಗೆ ಕುಸಿದು ಥ್ರಾಟಲ್ ತಾನಾಗಿ ತಿರುಗುತ್ತದೆ. ಗಾಡಿ ಮುಂದಕ್ಕೆ ಚಿಮ್ಮಿದಂತೆ ಕೈ ಇನ್ನಷ್ಟು ಬಿಗಿಯಾಗುತ್ತದೆ. 150 ಸಿಸಿ ಗಾಡಿಯಲ್ಲಿ ಇದು ಒಂದು ಜಗ್ಗು ಅಷ್ಟೇ. 390ರಲ್ಲಿ ಮುಂದಿನ ಟ್ರ್ಯಾಕ್ಟರ್ ಅಷ್ಟರಲ್ಲಿ ಮುಖದ ಹತ್ತಿರ ಬಂದಿರುತ್ತದೆ.

ನಿಮ್ಮ ದಾರಿಯನ್ನೂ ನೋಡಿ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ. ಉಳಿದದ್ದು ಸರ್ವಿಸ್ ರಸ್ತೆ: ಹಂಪು, ಅಡ್ಡ ಬರುವ ದನ, ಕಬ್ಬಿನ ಗಾಡಿಯಿಂದ ಉದುರಿದ ಗರಿ, ಗದ್ದೆಯಿಂದ ಬಂದ ಕೆಸರು. ಅಲ್ಲಿ 30–40 ಕಿ.ಮೀ. ವೇಗಕ್ಕೆ 390 ಜಗ್ಗುತ್ತಾ, ಕಾಲಿಗೆ ಬಿಸಿ ಕೊಡುತ್ತಾ ಸಾಗುತ್ತದೆ. ಆ ಗಾಡಿಯ ಸುಖ ನಿಮಗೆ ಸಿಗುವುದೇ ಇಲ್ಲ.

ಮೊದಲ ಒಂದೂವರೆ–ಎರಡು ವರ್ಷಕ್ಕೆ ನೆಟ್ಟಗೆ ಕೂರುವ 150–160 ಸಿಸಿ ಗಾಡಿ ತೆಗೆದುಕೊಳ್ಳಿ; ಯಮಹಾ ಎಫ್‌ಜಡ್ ನಮ್ಮ ಮೊದಲ ಆಯ್ಕೆ. ಸ್ಪೋರ್ಟ್ಸ್ ಆಕಾರವೇ ಬೇಕೆಂದರೆ ಆರ್15 ಆಗಬಹುದು. ಅದರ ನಿಜವಾದ ಎಳೆತ ಮೇಲಿನ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ಜೋರಾಗಿ ತಿರುಗುವಾಗ ಮಾತ್ರ, ಹಾಗಾಗಿ ಕೈತಪ್ಪನ್ನು ಸಹಿಸುತ್ತದೆ. ಆದರೆ ಗಾಡಿ ಬಗ್ಗಿಸಿ ಯು–ಟರ್ನ್ ಹೊಡೆಯಲು ಜಾಗ ಹೆಚ್ಚು ಬೇಕು, ಬಿದ್ದರೆ ಫೇರಿಂಗ್ (ಪ್ಲಾಸ್ಟಿಕ್ ಹೊದಿಕೆ) ಖರ್ಚು ಇದ್ದೇ ಇದೆ.

ಯಾವ ಗಾಡಿಯಾದರೂ ರಸ್ತೆಗಿಳಿಯುವ ಮುನ್ನ ಖಾಲಿ ಮೈದಾನದಲ್ಲಿ ಬ್ರೇಕ್ ಕಲಿಯಿರಿ. 20 ಕಿ.ಮೀ. ವೇಗದಲ್ಲಿ, ಹ್ಯಾಂಡಲ್ ನೇರ ಇಟ್ಟು, ಎರಡು ಬೆರಳಲ್ಲಿ ಮುಂದಿನ ಲಿವರ್ ಮೊದಲು ಮೆಲ್ಲಗೆ ಒತ್ತಿ. ಫೋರ್ಕ್ (ಮುಂದಿನ ಶಾಕ್ ಅಬ್ಸಾರ್ಬರ್) ಕುಸಿದು ಮುಂದಿನ ಟೈರಿನ ಮೇಲೆ ಭಾರ ಬಂದ ಮೇಲೆ ಜೋರು ಮಾಡಿ; ಜೊತೆಗೆ ಬಲಗಾಲಿನ ಬ್ರೇಕ್ ಹಗುರವಾಗಿ. ಕ್ಲಚ್ ಕೊನೆಯಲ್ಲಿ, ಗಾಡಿ ನಿಲ್ಲುವ ಹೊತ್ತಿಗೆ. ಹತ್ತು ಸಲ ಸರಿಯಾಗಿ ಬಂದರೆ 30, ಆಮೇಲೆ 40. ಎಡಗೈ ತಾನಾಗಿ ಮೊದಲು ಓಡುವುದು ನಿಂತ ದಿನ ಸರ್ವಿಸ್ ರಸ್ತೆಗೆ ಹೋಗಿ.

ಪ್ರಶ್ನೆ: ಆರ್15ರಲ್ಲಿ ಚಾಮುಂಡಿ ಬೆಟ್ಟ ಇಳಿಯುವಾಗ ಮುಂದಿನ ಬ್ರೇಕ್ ಲಿವರ್ ಮೆತ್ತಗಾಗುತ್ತದೆ. ಪ್ಯಾಡ್ ಹೊಸದು. ಏನಿರಬಹುದು?
— ಓದುಗಿ, ಮೈಸೂರು

ಉತ್ತರ: ಬ್ರೇಕ್ ಆಯಿಲ್ ಹಳೆಯದಾಗಿರುವ ಸಾಧ್ಯತೆ ಹೆಚ್ಚು. ಅದು ಗಾಳಿಯ ತೇವ ಹೀರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆ ನೀರು ಆವಿಯಾಗಿ ಗುಳ್ಳೆ ಏಳುತ್ತದೆ, ಲಿವರ್ ಗುಳ್ಳೆಯನ್ನು ಅದುಮುತ್ತದೆಯೇ ಹೊರತು ಪ್ಯಾಡನ್ನಲ್ಲ. ಎರಡು ವರ್ಷಕ್ಕೊಮ್ಮೆ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಬದಲಿಸಿ, ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಸಿ. ಇಳಿಯುವಾಗ ಎರಡನೇ ಅಥವಾ ಮೂರನೇ ಗೇರಿನಲ್ಲಿರಿ, ಬ್ರೇಕ್ ಒಂದೇ ಸಮ ಒತ್ತಿಕೊಂಡಿರಬೇಡಿ. ಆಯಿಲ್ ಬದಲಿಸುವವರೆಗೆ ಬೆಟ್ಟದ ಕಡೆ ಗಾಡಿ ಒಯ್ಯಬೇಡಿ.